ಸೈನ್ಯದ ಭಾರೀ ಲಾರಿಗಳಲ್ಲಿ ಡಿಫರೆನ್ಷಿಯಲ್ ಲಾಕು

ಎಂಜಿನ್ನಿನ ತಿರುಗುಬಲವನ್ನು ಒಂದೇ ಅಚ್ಚಿನ ಎಡಬಲ ಚಕ್ರಗಳಿಗೆ ಹಂಚಿಕೊಡುವ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಕೂಟವನ್ನು ಚಾಲಕನ ಇಚ್ಛೆಗನುಸಾರವಾಗಿ ಕೆಲಕಾಲ ಬಂಧಿಸಿ, ಎರಡು ಚಕ್ರಗಳೂ ಏಕವೇಗದಿಂದ ತಿರುಗುವಂತೆ ಮಾಡತಕ್ಕ ಸಾಧನ. ಸೈನ್ಯದ ಭಾರೀ ಲಾರಿಗಳಲ್ಲಿ ಇಂಥ ಲಾಕು ಒಂದು ಅಚ್ಚಿನ ಎರಡು ಚಕ್ರಗಳ ನಡುವೆ ಮಾತ್ರವಲ್ಲದೆ ಒಂದು ಅಚ್ಚಿಗೂ ಇನ್ನೊಂದಕ್ಕೂ ನಡುವೆ ಸಹ ಇರುವುದುಂಟು. ಸೇವೆಯಿಂದ ನಿವೃತ್ತವಾಗಿ ಹರಾಜಿನಲ್ಲಿ ಖಾಸಗಿಯವರ ಕೈಸೇರುವ ಮಿಲಿಟರಿ ಡಿಸ್ಪೋಸಲ್ ಲಾರಿಗಳ ಯೋಗ್ಯತೆಯನ್ನು ಅಳೆಯುವವರು ಮೊದಲು ವಿಚಾರಿಸುವ ಅಂಗಗಳಲ್ಲಿ ಇದೂ ಒಂದು.

ವಾಹನವು ತಿರುವಿನಲ್ಲಿ ಸಾಗುವಾಗ ಹೊರಬದಿಯ ಚಕ್ರವು ಒಳಬದಿಯದಕ್ಕಿಂತ ಹೆಚ್ಚು ದೂರ ಕ್ರಮಿಸಬೇಕಾಗುತ್ತದೆ. ಚಕ್ರಗಳ ನಡುವಣ ಅಂತರ ಎರಡು ಮೀಟರಿರುವ ಲಾರಿಯೊಂದು ಬೀದಿಯ ಮೂಲೆಯಲ್ಲಿ ಸಮಕೋನವಾಗಿ ತಿರುಗಿದರೆ ಈ ವ್ಯತ್ಯಾಸ 3 ಮೀಟರಿಗೂ ತುಸು ಮಿಕ್ಕುತ್ತದೆ. ಎರಡು ಚಕ್ರಗಳನ್ನೂ ಒಂದೇ ಅಚ್ಚಿಗೆ ಬಿಗಿದಿದ್ದರೆ ಅಷ್ಟು ದೂರವನ್ನೂ ಟಯರು ರಸ್ತೆಯ ಮೇಲೆ ಉಜ್ಜುತ್ತಲೇ ಕಳೆಯಬೇಕು. ಈ ಕ್ಲೇಶವನ್ನು ಪರಿಹರಿಸುವ ಡಿಫರೆನ್ಷಿಯಲ್ಲನ್ನು ಆವಿಬಂಡಿಗೆ ಅಳವಡಿಸಿ 1820ರ ದಶಕದ ಉತ್ತರಾರ್ಧದಲ್ಲಿ ಪೇಟೆಂಟು ಪಡೆದವನು ಪ್ಯಾರಿಸ್ಸಿನ ಒನೆಸಿಫೋರ್ ಪೆಕ್ಯೂರ್. ಆದರೆ ಯಾವ ಗುಣದಿಂದ ಈ ಯಂತ್ರ ರಸ್ತೆಯಲ್ಲಿ ಉಪಕಾರಿಯೋ ಅದೇ ಗುಣದಿಂದ ಕೆಸರಿನಲ್ಲಿ ಅಪಕಾರಿ. ಅದೆಂತೆಂದರೆ, ಅದು ಎರಡು ಚಕ್ರಗಳಿಗೂ ಸಮಾನವಾದ ತಿರುಗುಬಲವನ್ನೇ ಕೊಡುತ್ತದೆ. ಒಂದು ಚಕ್ರ ಹಿಡಿತ ಕಳೆದುಕೊಂಡು ಜಾರಿದರೆ ಇನ್ನೊಂದಕ್ಕೂ ಆ ದುರ್ಬಲ ಚಕ್ರ ತಾಳಿಕೊಳ್ಳಬಲ್ಲಷ್ಟೇ ಬಲ ದೊರೆಯುತ್ತದೆ. ಚಕ್ರವೊಂದರ ಮೇಲೆ 3000 ಕಿಲೋ ಭಾರವಿದ್ದು, ಬಲಗಡೆಯ ಗಟ್ಟಿನೆಲದಲ್ಲಿ ಘರ್ಷಣಾಂಕ 0.6, ಎಡಗಡೆಯ ಕೆಸರಿನಲ್ಲಿ 0.1 ಎಂದು ಭಾವಿಸೋಣ. ಬಲಚಕ್ರ 1800 ಕಿಲೋದಷ್ಟು, ಎಡಚಕ್ರ 300 ಕಿಲೋದಷ್ಟು ಎಳೆತವನ್ನು ಹುಟ್ಟಿಸಬಲ್ಲವು. ಆದರೆ ಲಾಕಿಲ್ಲದ ಅಚ್ಚಿನಿಂದ ಒಟ್ಟು ದೊರೆಯುವುದು 600 ಕಿಲೋ ಮಾತ್ರ. ಲಾಕು ಹಾಕಿದೊಡನೆ ಅದು 2100ಕ್ಕೆ ಏರುತ್ತದೆ.

ಈ ಏರಿಕೆಯನ್ನು ಕಂಡು ಲಾಕು ಹೊಸದಾದ ಶಕ್ತಿಯೊಂದನ್ನು ಸೃಷ್ಟಿಸುತ್ತದೆಂದು ಬಗೆಯಲಾಗದು. ನೆಲವು ಕೊಡಲು ಸಿದ್ಧವಿದ್ದ ಹಿಡಿತವನ್ನು ವ್ಯರ್ಥವಾಗಗೊಡದೆ ವಸೂಲು ಮಾಡುವುದಷ್ಟೇ ಅದರ ಕಾರ್ಯ; ಎರಡೂ ಬದಿಯಲ್ಲಿ ಸಮನಾದ ಕೆಸರಿದ್ದರೆ ಲಾಕಿನಿಂದ ಪ್ರಯೋಜನ ಅತ್ಯಲ್ಪ. ಅಲ್ಲಿ ನೆರವಾಗುವುದು ಟಯರು. ಗಾಳಿಯ ಒತ್ತಡವನ್ನು ಇಳಿಸಿದಾಗ ಟಯರು ಚಪ್ಪಟೆಯಾಗಿ ನೆಲವನ್ನು ವಿಶಾಲವಾಗಿ ಆಶ್ರಯಿಸುತ್ತದೆ, ಹೂಳುವುದು ಕಡಿಮೆಯಾಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಜಿಎಂಸಿ ಲಾರಿಯ ಮೇಲೆ ನಿರ್ಮಿತವಾದ ಡಕ್ ಎಂಬ ಉಭಯಚರ ವಾಹನದಲ್ಲಿ, ಕಡಲಿನಿಂದ ಮರಳಿಗೂ ಮರಳಿನಿಂದ ರಸ್ತೆಗೂ ಏರುವಾಗ, ಚಾಲಕನು ಕುಳಿತಲ್ಲಿಂದಲೇ ಟಯರುಗಳ ಗಾಳಿಯನ್ನು ಇಳಿಸಿ ಏರಿಸುವ ಏರ್ಪಾಡಿತ್ತು. ಅದೇ ಯುದ್ಧದಲ್ಲಿ ಐದು ಲಕ್ಷಕ್ಕೂ ಮಿಕ್ಕಿ ತಯಾರಾದ ಜಿಎಂಸಿಯ ಎರಡೂವರೆ ಟನ್ನಿನ ಆರುಚಕ್ರ ಚಾಲನೆಯ ಲಾರಿಗಳು ಸಾಮಾನ್ಯವಾಗಿ ಯಾವ ಲಾಕೂ ಇಲ್ಲದೆಯೇ ಯೂರೋಪಿನ ಕೆಸರನ್ನು ದಾಟಿದುವೆಂಬುದು ಲಾಕನ್ನೇ ಸರ್ವಸ್ವವೆಂದು ನಂಬಿದವರು ಅವಶ್ಯ ಮನಗಾಣಬೇಕಾದ ಸಂಗತಿ.

ಕೇರಳದ ನೆಲ ಈ ವಿಷಯದ ವಿವೇಚನೆಗೆ ಅತ್ಯಂತ ಅನುಕೂಲವಾದ ಕ್ಷೇತ್ರ. ತಿರುವನಂತಪುರದ ಶಂಖುಮುಖ, ವೇಳಿ, ತುಂಬಾಗಳ ಕರಾವಳಿಯಲ್ಲಿ ಸಡಿಲವಾದ ಮರಳು. ಕೊಚ್ಚಿಯ ಹಿನ್ನೀರಿನ ಅಂಚಿನಲ್ಲಿ ಜವುಗು. ಅದರ ದಕ್ಷಿಣಕ್ಕೆ ಸಮುದ್ರಮಟ್ಟಕ್ಕಿಂತಲೂ ತಗ್ಗಿನಲ್ಲಿರುವ ಕುಟ್ಟನಾಡಿನ ಜೇಡಿ. ಒಳನಾಡಿನ ದಿಣ್ಣೆಗಳಲ್ಲಿ ಕಾಸರಗೋಡಿನ ಮತ್ತು ದಕ್ಷಿಣ ಕನ್ನಡದ ಓದುಗರಿಗೆ ಚಿರಪರಿಚಿತವಾದ ಮುರಕಲ್ಲಿನ ಕೆಂಪುಮಣ್ಣು. ಇವುಗಳಲ್ಲಿ ಲಾಕು ತನ್ನ ಪೂರ್ಣಫಲವನ್ನು ತೋರುವುದು ಕೆಂಪುಮಣ್ಣಿನ ಘಾಟಿಯಲ್ಲಿ. ಜೂನಿನ ಮಳೆ ಬಿದ್ದೊಡನೆ ಅದರ ಮೇಲ್ಪದರ ಬೆಣ್ಣೆಯಂತೆ ಜಾರುತ್ತದೆಯಾದರೂ ಕೆಲವು ಅಂಗುಲ ಕೆಳಗೆ ಗಟ್ಟಿನೆಲ ಇದ್ದೇ ಇರುತ್ತದೆ, ಮತ್ತು ಕೊರಕಲಿನಿಂದಾಗಿ ಒಂದು ಚಕ್ರ ಆಗಾಗ ಅಂತರದಲ್ಲಿ ತೂಗುತ್ತದೆ. ಮರಳಿನಲ್ಲಿಯಾದರೋ ಗಾಳಿ ಇಳಿಸದೆ ಲಾಕನ್ನು ಮಾತ್ರ ನೆಚ್ಚಿದ ಲಾರಿ ನಾಲ್ಕೂ ಚಕ್ರಗಳಿಂದ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಕುಟ್ಟನಾಡಿನ ಜೇಡಿಗೆ ಇಳಿದ ಭಾರೀ ಲಾರಿಯನ್ನು ವಿಂಚಿನ ಹಗ್ಗವಲ್ಲದೆ ಬೇರಾವ ಉಪಾಯವೂ ಮೇಲೆತ್ತಲಾರದು.

ಯುದ್ಧಕಾಲದಲ್ಲಿ ಕೊಚ್ಚಿ ಬಂದರು ಸೈನಿಕ ನೆಲೆಯಾಗಿತ್ತು. ಹೂಳೆತ್ತಿದ ಮಣ್ಣಿನಿಂದ ರಾಬರ್ಟ್ ಬ್ರಿಸ್ಟೋ ನಿರ್ಮಿಸಿದ ವಿಲಿಂಗ್ಡನ್ ದ್ವೀಪ ಆಗ ಸೇನೆಗಳ ಉಪಯೋಗಕ್ಕೆ ಒಳಗಾಯಿತು. 1945ರ ತರುವಾಯ ಮಿತ್ರಸೈನ್ಯಗಳು ಭಾರತದಲ್ಲಿ ಬಿಟ್ಟುಹೋದ ಲಾರಿ ಜೀಪುಗಳನ್ನು ಸರ್ಕಾರದ ಡಿಸ್ಪೋಸಲ್ ಇಲಾಖೆ ಮಾರಾಟ ಮಾಡಿದಾಗ, ಪಶ್ಚಿಮ ಘಟ್ಟದ ಎರಡು ಮಗ್ಗುಲಲ್ಲಿಯೂ ಮರದ ವ್ಯಾಪಾರಿಗಳು ಕೂಪಿನಿಂದ ದಿಮ್ಮಿ ಇಳಿಸಲು ಇವನ್ನು ಆಶ್ರಯಿಸಿದರು. ಇಡುಕ್ಕಿಯ ತೋಟಗಳ ದಾರಿಯಲ್ಲಿ ಜೀಪು ಇಂದಿಗೂ ಜೀವನೋಪಾಯದ ಸಾಧನವಾಗಿ ಉಳಿದಿರುವುದು ಆ ಪರಂಪರೆಯ ಮುಂದುವರಿಕೆಯೇ.

ಸ್ವತಂತ್ರ ಭಾರತದ ಸೈನ್ಯಕ್ಕೆ ಜರ್ಮನಿಯ ಮಾನ್ ಸಂಸ್ಥೆಯ ಪರವಾನಗಿಯಿಂದ ಶಕ್ತಿಮಾನ್ ಲಾರಿ 1959ರಿಂದ ಜಬಲ್‌ಪುರದಲ್ಲಿ ಸಿದ್ಧವಾಗತೊಡಗಿತು. ಮುಂದೆ ಅಶೋಕ್ ಲೇಲ್ಯಾಂಡಿನ ಸ್ಟ್ಯಾಲಿಯನ್ ಅದರ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿತು. ಅತಿಭಾರದ ಕೆಲಸಕ್ಕೆ ನೇಮಕವಾದದ್ದು ಚೆಕ್ ದೇಶದ ಟಾಟ್ರಾ. ಬೆಂಗಳೂರಿನಲ್ಲಿ ಕೇಂದ್ರಕಚೇರಿಯುಳ್ಳ ಬಿಇಎಂಎಲ್ 1986ರ ಒಪ್ಪಂದದ ಮೇರೆಗೆ ಇದನ್ನು ಸೈನ್ಯಕ್ಕೆ ಒದಗಿಸತೊಡಗಿತು. ಟಾಟ್ರಾದ ರಚನೆ ಸೋಜಿಗದ್ದು. ಹಾನ್ಸ್ ಲೆಡ್‌ವಿಂಕಾ 1923ರಲ್ಲಿ ಟಾಟ್ರಾ ಕಾರಿಗೆ ಕಲ್ಪಿಸಿದಂತೆ ಇಲ್ಲಿ ಬೆನ್ನೆಲುಬಾಗಿರುವುದು ದಪ್ಪನೆಯ ಒಂದು ಕೊಳವೆ. ಅದರೊಳಗೆ ಚಾಲನದಂಡ ಸುರಕ್ಷಿತವಾಗಿ ಹಾಯುತ್ತದೆ, ಎಡಬಲದ ಅರ್ಧ ಅಚ್ಚುಗಳು ಸ್ವತಂತ್ರವಾಗಿ ಏರಿಳಿಯುತ್ತವೆ. ಹೀಗೆ ಚಕ್ರಗಳು ನೆಲವನ್ನು ಬಿಟ್ಟೇಳುವುದೇ ಅಪರೂಪವಾದ್ದರಿಂದ ಲಾಕಿನ ಮೇಲೆ ಬೀಳುವ ಹೊಣೆ ಹಗುರವಾಗುತ್ತದೆ. ಆದರೂ ಅಚ್ಚುಗಳ ನಡುವಿನ ಲಾಕು, ಚಕ್ರಗಳ ನಡುವಿನ ಲಾಕು ಎರಡನ್ನೂ ಸಂಕುಚಿತ ಗಾಳಿಯಿಂದ ನಡೆಸುವ ವ್ಯವಸ್ಥೆ ಇದರಲ್ಲಿದೆ. ಸೈನ್ಯದ ಲಾರಿಗಳ ಪೈಕಿ ಮೇಲ್ಪಂಕ್ತಿಯ ಯಂತ್ರವೆಂದು ಇದನ್ನು ನಿಸ್ಸಂಕೋಚವಾಗಿ ಹೇಳಬಹುದು.

2018ರ ಆಗಸ್ಟಿನ ಮಹಾಪ್ರವಾಹದಲ್ಲಿ ಪೆರಿಯಾರಿನ ನೀರು ಆಲುವಾ ಪ್ರದೇಶವನ್ನು ಮುಳುಗಿಸಿ, ಕೊಚ್ಚಿಯ ವಿಮಾನನಿಲ್ದಾಣ 15ರಿಂದ 29ರವರೆಗೆ ಮುಚ್ಚಿ, ನೌಕಾಪಡೆಯ ಗರುಡ ನೆಲೆಯಿಂದ ನಾಗರಿಕ ವಿಮಾನಗಳನ್ನು ಹಾರಿಸಬೇಕಾದಾಗ, ಎತ್ತರವಾದ ಲಾರಿಯ ಬೆಲೆ ಜನಕ್ಕೆಲ್ಲ ಗೋಚರವಾಯಿತು. ಸೈನ್ಯದ ಲಾರಿಗಳೊಡನೆ ಕೇರಳದವರು ಟೋರಸ್ ಎಂದು ಕರೆಯುವ ದೊಡ್ಡ ಟಿಪ್ಪರುಗಳೂ ಜನರನ್ನು ಹೊತ್ತು ನೀರು ಹಾಯ್ದವು. ತಿರುವನಂತಪುರ, ಕೊಲ್ಲಂಗಳ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗಳಿಗೇರಿಸಿ ಪ್ರವಾಹದ ಊರುಗಳಿಗೆ ಒಯ್ದು ಅಸಂಖ್ಯ ಪ್ರಾಣಗಳನ್ನು ಉಳಿಸಿದರು. ಡಾಂಬರಿನ ಮೇಲೆ ನೀರು ನಿಂತಿರುವಲ್ಲಿ ಲಾಕು ಬೇಕಾಗುವುದಿಲ್ಲ. ರಸ್ತೆಯ ಅಂಚು ಕುಸಿದಿರುವಲ್ಲಿ ಮಾತ್ರ ಅದು ರಕ್ಷಕ. ನೀರಿನಿಂದ ಡಿಫರೆನ್ಷಿಯಲ್ಲಿಗೆ ಒದಗುವ ಕೇಡು ಬೇರೆ ಬಗೆಯದು. ದೂರ ಓಡಿ ಬಿಸಿಯೇರಿದ ಹೌಸಿಂಗು ತಣ್ಣೀರಿನಲ್ಲಿ ಥಟ್ಟನೆ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರಿನ ಮತ್ತು ಸವೆದ ಸೀಲುಗಳ ಮೂಲಕ ನೀರನ್ನು ಒಳಕ್ಕೆ ಹೀರುತ್ತದೆ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ತಡಮಾಡದೆ ಬದಲಿಸತಕ್ಕದ್ದು. ಹಾಗೆಯೇ ಬಿಟ್ಟಲ್ಲಿ ಬೇರಿಂಗುಗಳೂ ಕ್ರೌನ್ ಪಿನಿಯನ್ನೂ ತುಕ್ಕುಹಿಡಿದು ನಾಶವಾಗುತ್ತವೆ.

ಲಾಕನ್ನು ಬಳಸುವ ವಿಧಾನದಲ್ಲಿ ಕಾಲಜ್ಞಾನವೇ ಪ್ರಧಾನ. ಹೂತುಕೊಂಡ ಮೇಲೆ ಹಾಕುವುದಕ್ಕಿಂತ ಕೆಸರನ್ನು ಹೊಗುವ ಮುನ್ನವೇ, ಲಾರಿ ನಿಂತಿರುವಾಗ ಅಥವಾ ಅತಿಮಂದವಾಗಿ ನೇರ ಸಾಗುವಾಗ ಹಾಕುವುದು ಲೇಸು. ಒಂದು ಚಕ್ರ ರಭಸದಿಂದ ಸುತ್ತುತ್ತಿರುವಾಗ ಲಾಕು ಜೋಡಿಸಿದರೆ ಅದರ ಹಲ್ಲುಗಳು ಮುರಿಯುವ, ಅಚ್ಚೇ ತುಂಡಾಗುವ ಅಪಾಯವುಂಟು. ಆರು ಚಕ್ರ ಚಾಲನೆಯ ಲಾರಿಯಲ್ಲಿ ಮೊದಲು ಅಚ್ಚುಗಳ ನಡುವಿನದು, ಸಾಲದಿದ್ದರೆ ಹಿಂದಿನ ಚಕ್ರಗಳ ನಡುವಿನದು. ಮುಂದಿನ ಅಚ್ಚಿಗೂ ಇದ್ದರೆ ಅದು ಕಟ್ಟಕಡೆಗೆ, ಏಕೆಂದರೆ ಅದು ಬಿಗಿದಾಗ ಲಾರಿ ಸ್ಟಿಯರಿಂಗಿಗೆ ಮಣಿಯದೆ ನೇರವಾಗಿ ನುಗ್ಗುತ್ತದೆ. ಗಟ್ಟಿರಸ್ತೆ ಸಿಕ್ಕೊಡನೆ ಎಲ್ಲವನ್ನೂ ಬಿಡಿಸಲೇಬೇಕು.

ಡಿಸ್ಪೋಸಲ್ ಲಾರಿಯನ್ನು ಕೊಳ್ಳುವವರಿಗೆ ಕಾನೂನಿನ ತೊಡಕೂ ಉಂಟು. ಮೋಟಾರು ವಾಹನ ಅಧಿನಿಯಮ, 1988ರ 52ನೆಯ ಪ್ರಕರಣವನ್ನು ಕುರಿತು ಕೊಚ್ಚಿಯಲ್ಲಿರುವ ಕೇರಳ ಉಚ್ಚ ನ್ಯಾಯಾಲಯ ಕೊಟ್ಟಿದ್ದ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ರದ್ದುಗೊಳಿಸಿ, ತಯಾರಕನು ಮೂಲತಃ ನಿರ್ದೇಶಿಸಿದ ರಚನೆಗೆ ಭಿನ್ನವಾಗಿ ವಾಹನವನ್ನು ಮಾರ್ಪಡಿಸಕೂಡದೆಂದು ವಿಧಿಸಿತು. ಆದುದರಿಂದ ಲಾಕಿಲ್ಲದ ಲಾರಿಯನ್ನು ಅಗ್ಗವಾಗಿ ಕೊಂಡು ಬೇರೊಂದರ ಅಚ್ಚನ್ನು ತೊಡಿಸುವೆವೆಂಬ ಯೋಚನೆಗಿಂತ, ಮೂಲದಲ್ಲಿಯೇ ಲಾಕುಳ್ಳ ಲಾರಿಯನ್ನು ಆರಿಸಿ, ಅದು ಕೆಲಸ ಮಾಡುವುದೋ ಇಲ್ಲವೋ ಎಂದು ಹರಾಜಿಗೆ ಮುನ್ನ ಪರೀಕ್ಷಿಸುವುದು ಉತ್ತಮ. ಪರೀಕ್ಷೆ ಸುಲಭ. ಮುಂದಿನ ಚಕ್ರಗಳಿಗೆ ಅಡೆಗಲ್ಲು ಕೊಟ್ಟು, ಹಿಂದಿನ ಅಚ್ಚನ್ನು ಜಾಕಿನಿಂದೆತ್ತಿ ಭದ್ರವಾದ ಆಧಾರದ ಮೇಲೆ ಕೂರಿಸಿ, ಎಂಜಿನ್ನನ್ನು ನಿಲ್ಲಿಸಿ ಗಿಯರಿನಲ್ಲಿ ಬಿಡಬೇಕು. ಲಾಕು ಬಿಟ್ಟಿರುವಾಗ ಒಂದು ಚಕ್ರವನ್ನು ಕೈಯಿಂದ ತಿರುಗಿಸಿದರೆ ಇನ್ನೊಂದು ಅದಕ್ಕೆ ವಿರುದ್ಧವಾಗಿ ತಿರುಗುತ್ತದೆ. ಲಾಕು ಹಲ್ಲಿಗೆ ಹಲ್ಲು ಕೂಡಿ ಬಿಗಿದಾಗ ಎರಡೂ ಅಲುಗದೆ ನಿಲ್ಲುತ್ತವೆ. ಆಗಲೂ ಚಕ್ರ ತಿರುಗಿದರೆ ಗಾಳಿಯ ಕೊಳವೆ, ಒತ್ತುಗುಂಡಿ, ಒಳಗಿನ ಫೋರ್ಕುಗಳಲ್ಲಿ ಎಲ್ಲಿಯೋ ದೋಷವಿದೆ, ಮತ್ತು ಅದನ್ನು ಸರಿಪಡಿಸಲು ಹೌಸಿಂಗನ್ನೇ ಬಿಚ್ಚಬೇಕಾಗಬಹುದೆಂದು ಎಣಿಸಿ ಬೆಲೆ ಕೂಗುವುದು ಕ್ಷೇಮ.