ಹಸಿವು ಇರುವುದು ಎಲ್ಲಿ?

ಗುರುಗ್ರಾಮದ ಕಚೇರಿಗೆ ಹೋಗುವ ದಾರಿಯಲ್ಲಿ ಏಮ್ಸ್ ಮೆಟ್ರೋ ನಿಲ್ದಾಣ ದಿನವೂ ಬರುತ್ತದೆ. ಇಷ್ಟು ವರ್ಷ ಅದು ನನ್ನ ಪಾಲಿಗೆ ಸೀಟು ಖಾಲಿಯಾಗುವ ಜಾಗ, ಅಷ್ಟೇ. ಹೋದ ತಿಂಗಳು ನನ್ನ ಡಾಕ್ಟರು ಸಕ್ಕರೆಯ ಮೂರು ತಿಂಗಳ ಲೆಕ್ಕ 8.1 ಬಂದದ್ದು ನೋಡಿ, ಮೆಟ್‌ಫಾರ್ಮಿನ್ ಜೊತೆಗೆ ವಾರಕ್ಕೊಂದು ಇಂಜೆಕ್ಷನ್ ಶುರು ಮಾಡೋಣ ಅಂದರು. ಸೆಮಾಗ್ಲುಟೈಡ್. 'ತಲೆಯಲ್ಲಿ ಸದಾ ಊಟ, ತಿಂಡಿ ಅಂತ ಒಂದು ಗದ್ದಲ ಇರುತ್ತಲ್ಲ, ಅದೂ ನಿಂತುಹೋಗುತ್ತೆ' ಎಂದು ಸಮಾಧಾನವನ್ನೂ ಹೇಳಿದರು. ನನಗೆ ಮಾತ್ರ ದಿಗಿಲಾಯಿತು. ಸಕ್ಕರೆ ಇಳಿಸುವ ಮದ್ದಿಗೆ ನನ್ನ ತಲೆಯಲ್ಲೇನು ಕೆಲಸ? ಊರು ಬಿಟ್ಟು ಬಂದ ನಮ್ಮಂಥವರ ತಲೆಯಲ್ಲಿ ಆ ಗದ್ದಲದ ಅರ್ಧಪಾಲು ಊರೇ ಅಲ್ಲವೇ?

ಏನಾದರೂ ಕೆಟ್ಟರೆ ಲಾಗ್‌ಗಳನ್ನು ಹಿಂದಕ್ಕೆ ಓದುತ್ತ ಹೋಗುವುದು ನಮ್ಮ ಕಸುಬಿನ ಚಾಳಿ. ಹಾಗೆ ಹಿಂದಕ್ಕೆ ಹೋದರೆ ದಾರಿ ಮತ್ತೆ ಏಮ್ಸ್‌ಗೇ ಬಂತು.

1940ರಲ್ಲಿ ಹೆದರಿಂಗ್ಟನ್ ಮತ್ತು ರ‍್ಯಾನ್ಸನ್ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು ಇಲಿಗಳ ಮಿದುಳಿನ ಬುಡದಲ್ಲಿರುವ ಹೈಪೊಥಲಮಸ್‌ಗೆ ಘಾಸಿ ಮಾಡಿದರೆ ಅವು ಮಿತಿಮೀರಿ ಕೊಬ್ಬುತ್ತವೆ ಎಂದು ತೋರಿಸಿದ್ದರು. ಇದರ ಉಲ್ಟಾ ಸಂಗತಿಯನ್ನು ಕಂಡವರು ಲಾಹೋರಿನಲ್ಲಿ ಹುಟ್ಟಿದ ಬಾಲಕೃಷ್ಣ ಆನಂದ್. ಯೇಲ್ ವಿಶ್ವವಿದ್ಯಾಲಯದಲ್ಲಿ ಜಾನ್ ಬ್ರೊಬೆಕ್ ಜೊತೆ ಕೆಲಸ ಮಾಡುತ್ತಿದ್ದಾಗ ಅವರು ಹೈಪೊಥಲಮಸ್‌ನ ಎರಡೂ ಪಕ್ಕದ ಒಂದು ಸಣ್ಣ ಜಾಗವನ್ನು ನಾಶಮಾಡಿದರು. ಇಲಿಗಳು ತಿನ್ನುವುದನ್ನೇ ಬಿಟ್ಟವು. ಮುಂದೆ ಆಹಾರವಿದ್ದರೂ ಮೂಸದೆ ಉಪವಾಸ ಸತ್ತವು. 1951ರಲ್ಲಿ ಪ್ರಕಟವಾದ ಆ ಲೇಖನ ಆ ಜಾಗವನ್ನು 'ತಿನ್ನುವ ಕೇಂದ್ರ' ಎಂದು ಕರೆಯಿತು. ಹಸಿವು ಹೊಟ್ಟೆಯದು ಎಂದು ನಂಬಿದ್ದ ಲೋಕಕ್ಕೆ ಅದರ ಹೊಸ ವಿಳಾಸ ಸಿಕ್ಕಿತು.

ಆನಂದ್ ದೇಶಕ್ಕೆ ಮರಳಿ, ಏಮ್ಸ್ ಸ್ಥಾಪನೆಯಾದಾಗ ಅಲ್ಲಿ ಶರೀರಕ್ರಿಯಾಶಾಸ್ತ್ರ ವಿಭಾಗವನ್ನು ಕಟ್ಟಿದರು. ಯೋಗಿಗಳ ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಧ್ಯಾನದ ಹೊತ್ತಿನ ಮಿದುಳಿನ ಅಲೆಗಳನ್ನು ದಾಖಲಿಸಿದವರೂ ಇವರೇ. ಆ ಕಥೆ ಹೆಚ್ಚು ಜನಕ್ಕೆ ಗೊತ್ತು. ನನಗೆ ಬೇಕಿದ್ದದ್ದು ಇನ್ನೊಂದು. 1962ರಲ್ಲಿ ಆನಂದ್, ಛೀನಾ ಮತ್ತು ಬಲದೇವ್ ಸಿಂಗ್ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪುಟ್ಟ ವರದಿ ಬರೆದರು. ಪ್ರಾಣಿಗಳ ರಕ್ತಕ್ಕೆ ಗ್ಲೂಕೋಸ್ ಏರಿಸಿ, ಹೈಪೊಥಲಮಸ್‌ನ ವಿದ್ಯುತ್ ಚಟುವಟಿಕೆ ಅಳೆದರೆ, 'ಸಾಕು' ಎನ್ನುವ ಕೇಂದ್ರ ಚುರುಕಾಗುತ್ತಿತ್ತು. ರಕ್ತದ ಸಕ್ಕರೆಯನ್ನು ಮಿದುಳು ಓದುತ್ತಿದೆ! ಡಾಕ್ಟರನ್ನು ನಾನು ಕೇಳಬೇಕೆಂದಿದ್ದ ಪ್ರಶ್ನೆಗೆ ಅರ್ಧ ಉತ್ತರ ನಾನು ದಿನವೂ ದಾಟಿಹೋಗುವ ನಿಲ್ದಾಣದ ಪಕ್ಕದಲ್ಲೇ, ನಾನು ಹುಟ್ಟುವ ಮೊದಲೇ ಸಿಕ್ಕಿತ್ತು. ಈಗ ಹಸಿವನ್ನು ಎರಡು ಸ್ವಿಚ್ಚುಗಳ ಆಟ ಎಂದು ಯಾರೂ ಹೇಳುವುದಿಲ್ಲ, ಚಿತ್ರ ಬಹಳ ಜಟಿಲವಾಗಿದೆ. ಆದರೆ ವಿಳಾಸ ತಪ್ಪಿರಲಿಲ್ಲ.

ಮದ್ದಿನ ಕಂಪನಿಗಳು ಆ ಮನೆಯ ಬಾಗಿಲನ್ನು ಬಹಳ ಸಲ ಒಡೆದು ನುಗ್ಗಿವೆ. 1930ರ ದಶಕದ ಕೊನೆಗೇ ಅಮೆರಿಕದಲ್ಲಿ ತೂಕ ಇಳಿಸಲು ಆಂಫೆಟಮಿನ್ ಕೊಡುತ್ತಿದ್ದರು. ಹಸಿವಿನ ಜೊತೆ ನಿದ್ದೆಯೂ ಹೋಗಿ, ಚಟ ಉಳಿಯಿತು. ಆಮೇಲೆ ಬಂದ ಫೆನ್‌ಫ್ಲೂರಮಿನ್ ಸೆರಟೋನಿನ್ ಮೂಲಕ ಹಸಿವು ತಗ್ಗಿಸಿತು, ಹೃದಯದ ಕವಾಟ ಕೆಡಿಸಿತು, 1997ರಲ್ಲಿ ಮಾರುಕಟ್ಟೆಯಿಂದ ಹೊರಬಿತ್ತು. (ಈಗ ಅದೇ ಮದ್ದು ಮಕ್ಕಳ ಒಂದು ಕ್ರೂರ ಬಗೆಯ ಮೂರ್ಛೆರೋಗಕ್ಕೆ ಬಳಕೆಯಲ್ಲಿದೆ. ಮಿದುಳಿನ ಮದ್ದಿಗೆ ಮಿದುಳಿನದೇ ಕೆಲಸ ಸಿಕ್ಕಿತು ಅನ್ನಿ.)

ನನ್ನನ್ನು ಹಿಡಿದು ನಿಲ್ಲಿಸಿದ್ದು ರಿಮೊನಬಂಟ್. ಭಂಗಿ ಸೇದಿದವರು ಬಕಾಸುರರಂತೆ ತಿನ್ನುವುದನ್ನು ಹಾಸ್ಟೆಲಿನಲ್ಲಿದ್ದವರೆಲ್ಲ ನೋಡಿರುತ್ತಾರೆ. ಭಂಗಿ ಮಿದುಳಿನಲ್ಲಿ ಹೋಗಿ ಕೂರುವ ಗ್ರಾಹಕವನ್ನೇ ಮುಚ್ಚಿಬಿಟ್ಟರೆ ಹಸಿವು ಇಳಿಯಬೇಕಲ್ಲ? ತರ್ಕ ಸರಿಯಾಗಿತ್ತು, ತೂಕವೂ ಇಳಿಯಿತು. 2006ರಲ್ಲಿ ಯುರೋಪು ಒಪ್ಪಿಗೆ ಕೊಟ್ಟಿತು. ಆದರೆ ಆ ಗ್ರಾಹಕ ಬರೀ ತಿನ್ನುವುದಕ್ಕೆ ಇರುವುದಲ್ಲ. ಬದುಕಿನ ಸಣ್ಣಪುಟ್ಟ ಸುಖಗಳಿಗೂ ಅದೇ ಬಾಗಿಲು. ಮಾತ್ರೆ ನುಂಗಿದವರಲ್ಲಿ ಖಿನ್ನತೆ, ಆತಂಕದಂಥ ತೊಂದರೆಗಳು ಸುಮಾರು ಎರಡು ಪಟ್ಟಾದವು, ಆತ್ಮಹತ್ಯೆಗಳೂ ವರದಿಯಾದವು. 2007ರಲ್ಲಿ ಅಮೆರಿಕದ ತಜ್ಞರ ಸಮಿತಿ ಒಕ್ಕೊರಲಿನಿಂದ ಬೇಡವೆಂದಿತು, 2008ರ ಅಕ್ಟೋಬರಿನಲ್ಲಿ ಯುರೋಪು ಮಾರಾಟ ನಿಲ್ಲಿಸಿತು. ನಮ್ಮಲ್ಲೂ ಹಲವು ಕಂಪನಿಗಳು ಇದನ್ನು ಮಾರುತ್ತಿದ್ದವು; ನಿಷೇಧ ಬಂದದ್ದು 2009ರಲ್ಲಿ. ಆ ನಡುವಿನ ಒಂದು ವರ್ಷಕ್ಕೆ ಯಾರು ಲೆಕ್ಕ ಕೊಟ್ಟರೋ ಕಾಣೆ.

ಹಾಗಾಗಿ ಜಿಎಲ್‌ಪಿ-1 ಬಂದ ದಾರಿ ಕುತೂಹಲದ್ದು. ಅದು ಮಿದುಳನ್ನು ಹುಡುಕಿಕೊಂಡು ಹೊರಟದ್ದೇ ಅಲ್ಲ. ಉಂಡಾಗ ಕರುಳು ಸ್ರವಿಸುವ ಈ ಹಾರ್ಮೋನು ಇನ್ಸುಲಿನ್ ಹೊರಡಿಸುತ್ತದೆ ಎಂದು 1987ರಲ್ಲಿ ಬಾಸ್ಟನ್ನಿನ ಸ್ವೆಟ್ಲಾನಾ ಮೊಯ್ಸೊವ್ ಮತ್ತು ಜೋಯಲ್ ಹ್ಯಾಬೆನರ್, ಕೋಪನ್‌ಹೇಗನ್ನಿನ ಯೆನ್ಸ್ ಯೂಲ್ ಹೋಲ್ಸ್ಟ್ ಅವರ ತಂಡಗಳು ತೋರಿಸಿದವು. ಎರಡೇ ನಿಮಿಷದಲ್ಲಿ ರಕ್ತದಲ್ಲಿ ಒಡೆದುಹೋಗುವುದು ಅದರ ದೋಷ. 1992ರಲ್ಲಿ ಜಾನ್ ಎಂಗ್ ಗೀಲಾ ಎಂಬ ಮರುಭೂಮಿಯ ಹಲ್ಲಿಯ ವಿಷದಲ್ಲಿ ಇದನ್ನೇ ಹೋಲುವ, ಹೆಚ್ಚು ಬಾಳುವ ವಸ್ತುವನ್ನು ಕಂಡರು; ಅದರಿಂದ ಹುಟ್ಟಿದ ಎಕ್ಸೆನಟೈಡ್ 2005ರಲ್ಲಿ ಮಧುಮೇಹಕ್ಕೆ ಬಂತು. ಅಷ್ಟರಲ್ಲಿ, 1996ರಲ್ಲೇ, ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಸಂಶೋಧಕರು ಜಿಎಲ್‌ಪಿ-1 ಅನ್ನು ನೇರ ಇಲಿಗಳ ಮಿದುಳಿಗೆ ಹಾಕಿ ನೋಡಿದ್ದರು. ಇಲಿಗಳು ತಿನ್ನುವುದು ಕಡಿಮೆಯಾಯಿತು. ಅದನ್ನು ತಡೆಯುವ ವಸ್ತು ಕೊಟ್ಟರೆ ಹೊಟ್ಟೆ ತುಂಬಿದ ಇಲಿಗಳೂ ಮತ್ತೆ ತಿಂದವು. ಮಿದುಳಿನ ಬುಡದ ನರಕೋಶಗಳೇ ಇದನ್ನು ತಯಾರಿಸುತ್ತವೆ ಎಂಬುದೂ ಗೊತ್ತಿತ್ತು. ಕರುಳಿನದೆಂದು ಕರೆದದ್ದು ಮಿದುಳಿನ ಮಾತೂ ಆಗಿತ್ತು.

ಸೆಮಾಗ್ಲುಟೈಡ್ ಮಿದುಳಿನ ಒಳಕೋಣೆಗಳಿಗೆ ಹೆಚ್ಚು ಹೋಗುವುದಿಲ್ಲ. ರಕ್ತ ಮತ್ತು ಮಿದುಳಿನ ನಡುವಿನ ತಡೆ ಸಡಿಲವಿರುವ ಕೆಲವು ಜಾಗಗಳನ್ನು ತಲುಪುತ್ತದೆ. ಅವುಗಳಲ್ಲಿ ಒಂದು ವಾಂತಿಯನ್ನು ಪ್ರಚೋದಿಸುವ ಜಾಗ, ಹಾಗಾಗಿ ಓಕರಿಕೆ. ರಿಮೊನಬಂಟ್‌ನ ನೆನಪಿದ್ದವರಿಗೆ ಇದ್ದ ಅನುಮಾನ ಸಹಜವೇ. ಯುರೋಪಿನ ಔಷಧ ಸಂಸ್ಥೆ ಪರಿಶೀಲಿಸಿ, ಆತ್ಮಹತ್ಯೆಯ ಯೋಚನೆಗೂ ಈ ಮದ್ದುಗಳಿಗೂ ಕಾರಣದ ನಂಟು ಕಾಣುತ್ತಿಲ್ಲವೆಂದು 2024ರ ಏಪ್ರಿಲ್‌ನಲ್ಲಿ ಹೇಳಿತು. 2025ರಲ್ಲಿ 48 ಜನರ ಒಂದು ಸಣ್ಣ ಪ್ರಯೋಗದಲ್ಲಿ ಕುಡಿತದ ಹಂಬಲ ತಗ್ಗಿತು. ಆಲ್‌ಝೈಮರ್‌ಗೂ ಇದೇ ಮದ್ದಾದೀತೆಂದು ಎದ್ದ ಆಸೆ ಮಾತ್ರ ಅದೇ ವರ್ಷ ನವೆಂಬರಿನಲ್ಲಿ ಕುಸಿಯಿತು: ಸುಮಾರು 3,800 ಜನರ ಮೇಲೆ ನಡೆದ ಎರಡು ದೊಡ್ಡ ಪ್ರಯೋಗಗಳಲ್ಲಿ ಮರೆವಿನ ಓಟ ನಿಧಾನವಾಗಲಿಲ್ಲ. ಇಲಿಗಳಿಗೆ ಆದದ್ದೆಲ್ಲ ಮನುಷ್ಯರಿಗೆ ಆಗುವುದಿಲ್ಲ.

ಇಷ್ಟು ಓದಿಕೊಂಡು ಮತ್ತೆ ಡಾಕ್ಟರ ಹತ್ತಿರ ಹೋದೆ. ಅವರು ನಕ್ಕು, ಬಿ12 ಪರೀಕ್ಷೆ ಬರೆದುಕೊಟ್ಟರು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಿಂದರೆ ಅದು ಇಳಿಯುತ್ತದಂತೆ, ಸಸ್ಯಾಹಾರಿಗಳಿಗೆ ಇನ್ನೂ ಬೇಗ. ಕೊರತೆ ಹೆಚ್ಚಾದರೆ ನರಕ್ಕೂ ನೆನಪಿಗೂ ಪೆಟ್ಟು. ನಾನು ಹೊಸ ಸೂಜಿಗೆ ಹೆದರಿ ಕೂತಿದ್ದೆ, ಆರು ವರ್ಷದಿಂದ ನುಂಗುತ್ತಿರುವ ಹಳೆಯ ಮಾತ್ರೆಯನ್ನು ಒಮ್ಮೆಯೂ ಕೇಳಿರಲಿಲ್ಲ. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ, 'ಇವರು ಮಂಕಾಗಿ ಕೂತರೆ ನನಗೆ ಫೋನ್ ಮಾಡಿ' ಅಂದರು.

ಮೊದಲ ಸೂಜಿ ಸೋಮವಾರ, 0.25 ಮಿಲಿಗ್ರಾಂ. ಭಾನುವಾರಕ್ಕೆ ಅವಳು ಹೋಳಿಗೆಗೆ ಬೇಳೆ ತಂದಿಟ್ಟಿದ್ದಾಳೆ. ಒಂದೇ ಎಂದು ಮಾತಾಗಿದೆ.