ಹೋಗುವ ಕರೆಂಟು, ಬರುವ ಕರೆಂಟು: ಸಣ್ಣ ವೈರ್‌ಲೆಸ್ ಅಂತರ್ಜಾಲ ಸಂಸ್ಥೆಗಳ ಬ್ಯಾಟರಿ ಪ್ರಶ್ನೆ

2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 5 ಗಿಗಾಹರ್ಟ್ಸ್ ತರಂಗಪಟ್ಟಿಯ ದೊಡ್ಡ ಭಾಗವನ್ನು ಪರವಾನಗಿಯಿಂದ ಮುಕ್ತಗೊಳಿಸಿದ ಮೇಲೆ, ಗುಡ್ಡದ ಮೇಲೊಂದು ಕಂಬ ನೆಟ್ಟು ಸುತ್ತಲ ಊರುಗಳಿಗೆ ಅಂತರ್ಜಾಲ ಕೊಡುವುದು ಸಣ್ಣ ಬಂಡವಾಳದವರಿಗೂ ಎಟುಕುವ ಕೆಲಸವಾಯಿತು. ಇಂಥ ಸಂಸ್ಥೆಗಳ ವಿದ್ಯುತ್ ಸಮಸ್ಯೆ ಚರ್ಚೆಗೆ ಬಂದಾಗಲೆಲ್ಲ ಎದುರಾಗುವ ಪ್ರಶ್ನೆ, ಕರೆಂಟು ಹೋದರೆ ಟವರ್ ಎಷ್ಟು ತಾಸು ನಡೆಯುತ್ತದೆ ಎಂಬುದು. ಇದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಇರುವ ಕರೆಂಟು, ಹೋಗಿ ಮರಳುವ ಕರೆಂಟು ಉಪಕರಣಕ್ಕೆ ಏನು ಮಾಡುತ್ತದೆ? ಹಾನಿಯ ದೊಡ್ಡ ಪಾಲು ಅಲ್ಲಿಂದಲೇ ಬರುವುದಾದರೆ, ಬ್ಯಾಟರಿಯನ್ನು ಆಪತ್ತಿಗೆಂದು ಕೂಡಿಟ್ಟ ದಾಸ್ತಾನೆಂದು ಬಗೆಯದೆ, ಉಪಕರಣದ ನಿತ್ಯದ ವಿದ್ಯುತ್ ಮೂಲವೆಂದೇ ವಿನ್ಯಾಸ ಮಾಡಬೇಕಾಗುತ್ತದೆ ಎಂಬುದು ಈ ಲೇಖನದ ವಾದ.

ಇದಕ್ಕೆ ಗಟ್ಟಿಯಾದ ಆಧಾರವನ್ನು ಒದಗಿಸಿದವರು ಬರ್ಕ್ಲಿಯ ಸಂಶೋಧಕರು. ತಮಿಳುನಾಡಿನ ಅರವಿಂದ ಕಣ್ಣಾಸ್ಪತ್ರೆಯ ಗ್ರಾಮೀಣ ಕೇಂದ್ರಗಳನ್ನು ಜೋಡಿಸಿದ ಜಾಲ, ಧರ್ಮಶಾಲೆಯ ಏರ್‌ಜಾಲ್ದಿ ಜಾಲ, ಇವೆರಡನ್ನೂ ವರ್ಷಗಟ್ಟಲೆ ಗಮನಿಸಿ ಸೋನೇಶ್ ಸುರಾನಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಅವರು ಎದುರಿಸಿದ ತೊಂದರೆಗಳಲ್ಲಿ ಬಹುಪಾಲಿನ ಬೇರು ಕಳಪೆ ವಿದ್ಯುತ್ತು. ಹಳ್ಳಿಯ ಲೈನಿನಲ್ಲಿ ಕ್ಷಣಕಾಲ 1000 ವೋಲ್ಟನ್ನೂ ಮೀರಿ ಜಿಗಿಯುವ, 70 ವೋಲ್ಟಿಗಿಂತ ಕೆಳಗೆ ಕುಸಿಯುವ ಏರಿಳಿತಗಳನ್ನು ಅವರು ಅಳೆದರು. ಕುಸಿತದ ಪರಿಣಾಮ ಕುತೂಹಲಕರ. ವೋಲ್ಟೇಜ್ ಪೂರ್ತಿ ಹೋದರೆ ರೂಟರ್ ಆರಿ, ಮರಳಿದಾಗ ಹೊಸದಾಗಿ ಶುರುವಾಗುತ್ತದೆ. ಅರೆಬರೆ ಉಳಿದರೆ ಮಾತ್ರ ಆರದೆ, ನಡೆಯದೆ ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಯಾರಾದರೂ ಹೋಗಿ ವೈರು ಕಿತ್ತು ಮತ್ತೆ ಸಿಕ್ಕಿಸಬೇಕು. ಬ್ಯಾಟರಿ ನಿಗದಿತ ಮಟ್ಟಕ್ಕೆ ಇಳಿದೊಡನೆ ಉಪಕರಣವನ್ನು ಪೂರ್ತಿ ಕಡಿದುಹಾಕುವ ಒಂದು ಅಗ್ಗದ ಸರ್ಕಿಟ್ ಅಳವಡಿಸಿದ್ದರಿಂದಲೇ ಧರ್ಮಶಾಲೆಯ ಜಾಲದಲ್ಲಿ ಇಂಥ ಓಡಾಟ ಬಹುಮಟ್ಟಿಗೆ ನಿಂತಿತು.

ನಮ್ಮ ಮಲೆನಾಡಿನಲ್ಲಿ ಈ ಎರಡೂ ಬಗೆಯ ಕರೆಂಟು ಒಟ್ಟಿಗೆ ಸಿಗುತ್ತದೆ. 11 ಕೆವಿ ಲೈನುಗಳು ಕಾಡು, ಅಡಿಕೆ ತೋಟಗಳ ನಡುವೆ ಹಾದುಹೋಗುವುದರಿಂದ ಜೂನ್-ಜುಲೈ ಗಾಳಿಗೆ ಮರ ಉರುಳಿ ದಿನಗಟ್ಟಲೆ ಕತ್ತಲು. ತ್ರೀಫೇಸ್ ಬಂದೊಡನೆ ಆಟೋ ಸ್ಟಾರ್ಟರ್ ಹಾಕಿದ ಪಂಪ್‌ಸೆಟ್‌ಗಳೆಲ್ಲ ಒಮ್ಮೆಲೇ ಎಳೆದು ವೋಲ್ಟೇಜ್ ಬೀಳುತ್ತದೆ. ಟಿಸಿಯ ಬಳಿ ನ್ಯೂಟ್ರಲ್ ಕಡಿದರಂತೂ 230 ವೋಲ್ಟ್ ಇರಬೇಕಾದ ಕಡೆ 400ರ ಹತ್ತಿರ ನುಗ್ಗುವುದುಂಟು. ಬ್ಯಾಟರಿ ಎಷ್ಟೇ ದೊಡ್ಡದಿರಲಿ, ಕರೆಂಟು ಇದ್ದಾಗ ಉಪಕರಣವನ್ನು ನೇರವಾಗಿ ಲೈನಿಗೇ ಒಪ್ಪಿಸುವ ಸಾಮಾನ್ಯ ಇನ್ವರ್ಟರ್ ಇದರಿಂದ ಹೆಚ್ಚಿನ ರಕ್ಷಣೆ ಕೊಡಲಾರದು.

ಲೆಕ್ಕದ ದೃಷ್ಟಿಯಿಂದಲೂ ಇನ್ವರ್ಟರ್ ದುಬಾರಿ. ಮೂರು ರೇಡಿಯೊ, ಒಂದು ರೂಟರ್, ಒಂದು ಸ್ವಿಚ್ ಇರುವ ಸಣ್ಣ ಕೇಂದ್ರ ಸುಮಾರು 40 ವ್ಯಾಟ್ ಬೇಡುತ್ತದೆ ಎನ್ನೋಣ. 12 ವೋಲ್ಟಿನ 150 ಎಎಚ್ ಸೀಸ-ಆಮ್ಲ ಬ್ಯಾಟರಿಯನ್ನು ಬಾಳಿಕೆಯ ದೃಷ್ಟಿಯಿಂದ ಅರ್ಧದಷ್ಟೇ ಬಳಸಿದರೆ 900 ವ್ಯಾಟ್-ಗಂಟೆ, ಅಂದರೆ ನೇರ ಡಿಸಿಯಲ್ಲಿ ಸುಮಾರು 22 ಗಂಟೆ. ಅದೇ ಬ್ಯಾಟರಿಯ 12 ವೋಲ್ಟನ್ನು ಇನ್ವರ್ಟರ್ 230ಕ್ಕೆ ಏರಿಸಿ, ಅಡಾಪ್ಟರ್ ಮತ್ತೆ 24ಕ್ಕೆ ಇಳಿಸಿದಾಗ ಆಗುವ ನಷ್ಟ, ಇನ್ವರ್ಟರ್ ತಾನೇ ಕುಡಿಯುವ ವಿದ್ಯುತ್ತು ಸೇರಿ ಬ್ಯಾಟರಿಯ ಮೇಲಿನ ಹೊರೆ 65 ವ್ಯಾಟ್ ಆಸುಪಾಸಿಗೆ ಹೋಗುತ್ತದೆ. ಸಿಗುವುದು ಸುಮಾರು 14 ಗಂಟೆ. ಒಂದು ರಾತ್ರಿಯ ಹೊತ್ತು ಹೀಗೆ ಬಿಸಿಯಾಗಿ ಕಳೆದುಹೋಗುತ್ತದೆ. ಆ ಬಿಸಿಯೂ ನಿರಪಾಯವಲ್ಲ. ಇಂಥ ಬ್ಯಾಟರಿಗಳ ಉಷ್ಣತೆ 25 ಡಿಗ್ರಿಯ ಮೇಲೆ ಹತ್ತು ಡಿಗ್ರಿ ಏರಿದರೆ ಬಾಳಿಕೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಸ್ಥೂಲ ನಿಯಮ. ತಗಡಿನ ಪೆಟ್ಟಿಗೆಯೊಳಗಿನ ಏಪ್ರಿಲ್ ಮಧ್ಯಾಹ್ನವನ್ನು ಊಹಿಸಿಕೊಂಡರೆ ಸಾಕು.

ಇಲ್ಲಿ ಸೂಚಿಸುತ್ತಿರುವುದು ಹೊಸ ಉಪಾಯವೇನಲ್ಲ. ಹಳೆಯ ಟೆಲಿಫೋನ್ ಎಕ್ಸ್‌ಚೇಂಜ್‌ಗಳು 48 ವೋಲ್ಟಿನ ಬ್ಯಾಟರಿ ಸಾಲಿನ ಮೇಲೆ ನಡೆಯುತ್ತಿದ್ದವು. ಲೈನಿನ ಕರೆಂಟಿಗೆ ಆ ಬ್ಯಾಟರಿಗಳನ್ನು ಸದಾ ತುಂಬಿಸುತ್ತಿರುವುದಷ್ಟೇ ಕೆಲಸ. ಊರೆಲ್ಲ ಕತ್ತಲಾದರೂ ಲ್ಯಾಂಡ್‌ಲೈನ್ ರಿಂಗಾಗುತ್ತಿದ್ದುದು ಇದೇ ಕಾರಣಕ್ಕೆ. ಈ ವಿನ್ಯಾಸದಲ್ಲಿ ಏರಿಳಿತದ ಪೆಟ್ಟು ಮೊದಲು ಬೀಳುವುದು ಚಾರ್ಜರಿನ ಮೇಲೆ. ಅದು ಸುಟ್ಟರೂ ಬ್ಯಾಟರಿ ಇರುವಷ್ಟು ಹೊತ್ತು ಜಾಲ ನಡೆಯುತ್ತದೆ, ಬದಲಿಸಲು ಕಂಬ ಹತ್ತಬೇಕಾಗಿಲ್ಲ.

ಇನ್ವರ್ಟರ್ ರಿಪೇರಿಯವರು ಪ್ರತಿ ಪೇಟೆಯಲ್ಲೂ ಇದ್ದಾರೆ, ಡಿಸಿ ವ್ಯವಸ್ಥೆ ಬಲ್ಲವರು ಎಲ್ಲಿದ್ದಾರೆ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ 1995ರಲ್ಲಿ ಆರಂಭವಾದ ಸೆಲ್ಕೋದಂಥ ಸಂಸ್ಥೆಗಳಿಂದಾಗಿ ಕರ್ನಾಟಕದ ಹಳ್ಳಿಗಳಿಗೆ ಸೋಲಾರ್ ಮನೆದೀಪ ಬಂದು ಮೂರು ದಶಕಗಳಾದವು. 12 ವೋಲ್ಟಿನ ಕೆಲಸ ಅಲ್ಲಿನ ಕೈಗಳಿಗೆ ಅಪರಿಚಿತವಲ್ಲ. ಲಿಥಿಯಂ ಬ್ಯಾಟರಿ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಉತ್ತರ ಚಿಕ್ಕದು: ಅದು ಹೆಚ್ಚು ಆಳಕ್ಕೆ ಬಳಸಬಹುದಾದ, ಹೆಚ್ಚು ಕಾಲ ಬಾಳುವ ದಾಸ್ತಾನು, ಲೈನಿನ ಏರಿಳಿತವನ್ನು ಅದು ತಡೆಯುವುದಿಲ್ಲ. ಇನ್ನು ಪೂರ್ತಿ ಸೌರವಿದ್ಯುತ್ತಿನ ಮಾತು. ದಿನಕ್ಕೆ 960 ವ್ಯಾಟ್-ಗಂಟೆ ಬೇಡುವ ಈ ಕೇಂದ್ರಕ್ಕೆ, ಮಳೆಗಾಲದಲ್ಲಿ ಎರಡು ಗಂಟೆಯ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಸಿಕ್ಕೀತೆಂದು ಹಿಡಿದರೂ, ನಷ್ಟವೂ ಸೇರಿ 700 ವ್ಯಾಟಿನ ಹತ್ತಿರದ ಫಲಕ ಬೇಕು. ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯ ಕಡೆ ಅಷ್ಟು ಬೆಳಕನ್ನೂ ನಂಬುವಂತಿಲ್ಲ.

ಹೆಚ್ಚು ತೂಕದ ಆಕ್ಷೇಪ ಬೇರೆಯೇ: ಗಿರಾಕಿಯ ಮನೆಯಲ್ಲೇ ಕರೆಂಟಿಲ್ಲದಾಗ ಟವರ್ ಬದುಕಿದ್ದು ಯಾರಿಗೆ ಲಾಭ? ಒಂದೇ ಊರಿನ, ಒಂದೇ ಫೀಡರಿನ ಜಾಲಕ್ಕೆ ಇದು ಸರಿಯಾದ ಮಾತು. ಗುಡ್ಡದ ಮೇಲಿನ ಕೇಂದ್ರ ಮಾತ್ರ ಬೇರೆ ಬೇರೆ ಫೀಡರುಗಳ ಊರುಗಳಿಗೆ ಸಂಕೇತ ದಾಟಿಸುತ್ತದೆ. ಅದು ಸತ್ತರೆ ಕರೆಂಟಿರುವ ಊರೂ ಜಾಲದಿಂದ ಕಡಿದುಹೋಗುತ್ತದೆ. ಹಾಗಾಗಿ ಎಲ್ಲ ಕೇಂದ್ರಗಳಿಗೂ ಸಮನಾಗಿ ಬ್ಯಾಟರಿ ಹಂಚುವುದು ದುಂದು. ಹೆಚ್ಚು ಊರುಗಳನ್ನು ಹೊತ್ತ ಕೇಂದ್ರಕ್ಕೆ ದಿನಗಳ ಲೆಕ್ಕದಲ್ಲಿ, ಕೊನೆಯ ಕೇಂದ್ರಕ್ಕೆ ಕೆಲವೇ ಗಂಟೆಗಳ ಲೆಕ್ಕದಲ್ಲಿ ಒದಗಿಸಿದರೆ ಸಾಕು. ಇಂಥ ತಾರತಮ್ಯಕ್ಕೆ ಸರ್ಕಾರಿ ನೀತಿಯಲ್ಲಿ ಮಾದರಿ ಸಿಗುವುದಿಲ್ಲ. 2012ರಲ್ಲಿ ದೂರಸಂಪರ್ಕ ಇಲಾಖೆ ಗ್ರಾಮೀಣ ಟವರ್‌ಗಳಲ್ಲಿ ಅರ್ಧದಷ್ಟನ್ನು 2015ರೊಳಗೆ ಹೈಬ್ರಿಡ್ ವಿದ್ಯುತ್ತಿಗೆ ತರಬೇಕೆಂದು ಹೇಳಿದಾಗ ಅದರ ಕಣ್ಣಿದ್ದುದು ಡೀಸೆಲ್ ಸುಡುವ ಮೊಬೈಲ್ ಟವರ್‌ಗಳ ಮೇಲೆ. 40 ವ್ಯಾಟಿನ ಕಂಬ ಅದರ ಲೆಕ್ಕಕ್ಕೇ ಬಂದಿರಲಿಲ್ಲ.

ಈ ವಿನ್ಯಾಸಕ್ಕೆ ಒಂದು ಮಿತಿ ಉಂಟು. ಏಪ್ರಿಲ್-ಮೇ ಗುಡುಗು ಮಳೆಯಲ್ಲಿ ಮಿಂಚಿನ ಆವೇಗ ರೇಡಿಯೊದಿಂದ ಇಳಿದು ಬರುವ ಈಥರ್‌ನೆಟ್ ಕೇಬಲ್ಲಿನಲ್ಲೂ ಹರಿದು ರೂಟರನ್ನು ಹಿಂಬಾಗಿಲಿನಿಂದ ತಲುಪುತ್ತದೆ. ಲೈನಿನ ಕಡೆ ಕಾವಲಿಟ್ಟ ಬ್ಯಾಟರಿ ಇಲ್ಲಿ ನಿರುಪಯೋಗಿ. ಆ ಕೇಬಲ್ಲಿಗೆ ಪ್ರತ್ಯೇಕ ಸರ್ಜ್ ರಕ್ಷಕ, ಕಂಬಕ್ಕೂ ಪೆಟ್ಟಿಗೆಗೂ ಒಟ್ಟುಗೂಡಿಸಿದ ಒಂದೇ ಅರ್ತಿಂಗ್ ಬೇಕು. ಜಂಬಿಟ್ಟಿಗೆಯ ನೆಲ ಬೇಸಿಗೆಯಲ್ಲಿ ಒಣಗಿ ವಿದ್ಯುತ್ತನ್ನು ಸುಲಭವಾಗಿ ಒಳಗೊಳ್ಳದ ಕಾರಣ ಅರ್ತಿಂಗ್ ಗುಂಡಿಗೆ ಮಳೆಗೂ ಮುಂಚೆ, ಮೊದಲ ಗುಡುಗಿನ ಹೊತ್ತಿಗೇ ನೀರು ಹಾಕಿರಬೇಕಾಗುತ್ತದೆ.