ದೇವದೂತರ ನಗರದಲ್ಲಿ ಭಾಷೆಗೆ ಬಿದ್ದ ಏಟು

ಲಾಸ್ ಏಂಜಲಿಸ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಹಾಲಿವುಡ್. ಆ ಊರಿನ ಹೆಸರು ಇಂಗ್ಲಿಷಿನದಲ್ಲ, ಸ್ಪ್ಯಾನಿಷ್ ಭಾಷೆಯದು, ಅದರ ಅರ್ಥ 'ದೇವದೂತರು' ಎಂಬ ಸಂಗತಿ ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ತನ್ನ ಹೆಸರನ್ನೇ ಸ್ಪ್ಯಾನಿಷಿನಿಂದ ಪಡೆದ ಆ ನಗರದ ಶಾಲೆಗಳಲ್ಲಿ, ಸ್ಪ್ಯಾನಿಷ್ ಮಾತನಾಡಿದ ತಪ್ಪಿಗೆ ಮಕ್ಕಳು ಏಟು ತಿನ್ನುತ್ತಿದ್ದ ಕಾಲವೊಂದಿತ್ತು. ಆ ಅನ್ಯಾಯದ ವಿರುದ್ಧ 1968ರಲ್ಲಿ ವಿದ್ಯಾರ್ಥಿಗಳು ಎದ್ದು ನಿಂತ ಬಗೆಯನ್ನೂ, ಅವರ ಬೆನ್ನಿಗೆ ನಿಂತ ಒಬ್ಬ ಮೇಷ್ಟರ ಕಥೆಯನ್ನೂ ಇಲ್ಲಿ ಹೇಳಬೇಕೆಂದಿದ್ದೇನೆ.

ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತಿದ್ದ ನಾನು ಅಮೆರಿಕದ ಇತಿಹಾಸವನ್ನು ಆರಂಭಿಸುತ್ತಿದ್ದುದು ಪೂರ್ವ ತೀರದ 13 ಆಂಗ್ಲ ವಸಾಹತುಗಳಿಂದ. ಆ ದೇಶದ ಪಶ್ಚಿಮ ತೀರಕ್ಕೆ ಬೇರೆಯೇ ಒಂದು ಚರಿತ್ರೆಯಿದೆ. ಟೋಂಗ್ವಾ ಎಂಬ ಮೂಲನಿವಾಸಿಗಳ ನೆಲದಲ್ಲಿ 1781ರಲ್ಲಿ ಈ ಊರನ್ನು ಕಟ್ಟಿದವರು, ಇಂದಿನ ಮೆಕ್ಸಿಕೋದ ಕಡೆಯಿಂದ ಬಂದ 44 ಜನ. ಅವರಲ್ಲಿ ಹೆಚ್ಚಿನವರು ಆಫ್ರಿಕನ್, ಮೂಲನಿವಾಸಿ ಹಾಗೂ ಮಿಶ್ರ ರಕ್ತದ ಬಡ ಕುಟುಂಬಗಳವರು. ಮೊದಲು ಸ್ಪೇನಿಗೂ ಬಳಿಕ ಮೆಕ್ಸಿಕೋಗೂ ಸೇರಿದ್ದ ಈ ಪ್ರಾಂತ್ಯವು ಯುದ್ಧಾನಂತರ 1848ರ ಒಪ್ಪಂದದಂತೆ ಅಮೆರಿಕದ ವಶವಾಯಿತು. ಅಲ್ಲಿದ್ದವರು ಎಲ್ಲಿಗೂ ಹೋಗಲಿಲ್ಲ. ದೇಶದ ಗಡಿರೇಖೆಯೇ ಅವರ ಮನೆಗಳಾಚೆಗೆ ಸರಿಯಿತು.

ಕ್ಯಾಲಿಫೋರ್ನಿಯಾದ 1849ರ ಸಂವಿಧಾನವು ಎಲ್ಲ ಕಾನೂನುಗಳನ್ನು ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲಿಯೂ ಪ್ರಕಟಿಸಬೇಕೆಂದು ವಿಧಿಸಿತ್ತು. ಆದರೆ 1879ರ ಹೊಸ ಸಂವಿಧಾನವು ಆ ನಿಯಮವನ್ನು ಕೈಬಿಟ್ಟು ಸರ್ಕಾರಿ ವ್ಯವಹಾರವೆಲ್ಲ ಇಂಗ್ಲಿಷಿನಲ್ಲೇ ನಡೆಯಬೇಕೆಂದಿತು. ಮೂವತ್ತೇ ವರ್ಷಗಳಲ್ಲಿ ನೆಲದ ಭಾಷೆಯೊಂದು ಪರಕೀಯವಾಯಿತು.

ಮುಂದೆ 1910ರಲ್ಲಿ ಮೆಕ್ಸಿಕೋದಲ್ಲಿ ಕ್ರಾಂತಿ ಭುಗಿಲೆದ್ದಾಗ ಲಕ್ಷಾಂತರ ಜನ ಉತ್ತರಕ್ಕೆ ವಲಸೆ ಬಂದರು. ರೈಲುಹಳಿ ಹಾಕುವ ಕೆಲಸ, ಇಟ್ಟಿಗೆ ಕಾರ್ಖಾನೆ, ಹಣ್ಣಿನ ತೋಟ ಇವು ಅವರ ಜೀವನಾಧಾರಗಳು. ನದಿಯ ಪೂರ್ವಕ್ಕಿರುವ ಬಾಯ್ಲ್ ಹೈಟ್ಸ್ ಬಡಾವಣೆಯಲ್ಲಿ ಯಹೂದಿಗಳು, ಜಪಾನೀಯರು ಹಾಗೂ ಮೆಕ್ಸಿಕನ್ನರು ನೆರೆಹೊರೆಯವರಾಗಿ ಬಾಳುತ್ತಿದ್ದರು. 1930ರ ದಶಕದ ಆರ್ಥಿಕ ಕುಸಿತದಲ್ಲಿ, ಉದ್ಯೋಗಗಳನ್ನು ಕಸಿಯುವವರೆಂದು ದೂರಿ ಲಕ್ಷಾಂತರ ಮೆಕ್ಸಿಕನ್ನರನ್ನು ರೈಲು ಹತ್ತಿಸಿ ಹಿಂದಕ್ಕೆ ಕಳುಹಿಸಲಾಯಿತು. ಹಾಗೆ ಹೋದವರಲ್ಲಿ ಅಮೆರಿಕದಲ್ಲೇ ಹುಟ್ಟಿದ ಪೌರರೂ ಬಹಳ ಮಂದಿ ಇದ್ದರು. ಈ ಕೃತ್ಯಕ್ಕಾಗಿ ಕ್ಷಮೆ ಕೇಳುವ ಕಾಯಿದೆಯನ್ನು ಕ್ಯಾಲಿಫೋರ್ನಿಯಾ ಮಾಡಿದ್ದು 2005ರಲ್ಲಿ. ಆದರೆ ಯುದ್ಧಕಾಲದಲ್ಲಿ ಕೂಲಿಯಾಳುಗಳ ಕೊರತೆಯಾದೊಡನೆ, 1942ರಲ್ಲಿ, ಅದೇ ಮೆಕ್ಸಿಕನ್ನರನ್ನು ಒಪ್ಪಂದದ ಮೇಲೆ ಮತ್ತೆ ಕರೆಸಿಕೊಳ್ಳಲಾಯಿತು. ಬೇಕಾದಾಗ ಕರೆ, ಬೇಡವಾದಾಗ ಗಡಿಪಾರು!

ಸಾಲ್ ಕ್ಯಾಸ್ಟ್ರೋ ಹುಟ್ಟಿದ್ದು ಇಂತಹ ಕಾಲದಲ್ಲಿ, 1933ರಲ್ಲಿ, ಲಾಸ್ ಏಂಜಲಿಸ್‌ನಲ್ಲೇ. ಅವರ ತಂದೆಯೂ ಮೆಕ್ಸಿಕೋಗೆ ಮರಳಬೇಕಾಯಿತು. ಬಾಲ್ಯದ ಕೆಲಕಾಲವನ್ನು ಅಲ್ಲಿಯೇ ಕಳೆದು ಹಿಂದಿರುಗಿದ ಹುಡುಗನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಶಾಲೆಯಲ್ಲಿ ಅವನನ್ನು ಒಂದು ಮೂಲೆಯಲ್ಲಿ ಕೂರಿಸಲಾಯಿತು. ತನ್ನ ಮಾತು ಅರ್ಥವಾಗದ ಮೇಷ್ಟರುಗಳೇ ದಡ್ಡರೆಂದು ಆಗ ತನಗೆ ತೋರಿತ್ತೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಸೈನ್ಯದಲ್ಲಿ ಸೇವೆ ಸಲ್ಲಿಸಿ, ಪದವಿ ಪಡೆದು, ಅವರು ಶಿಕ್ಷಕರಾದರು.

1960ರ ದಶಕದಲ್ಲಿ ನಗರದ ಪೂರ್ವ ಭಾಗದ ದೊಡ್ಡ ಪ್ರೌಢಶಾಲೆಗಳ ಹೆಸರುಗಳನ್ನು ನೋಡಿ: ಲಿಂಕನ್, ರೂಸ್‌ವೆಲ್ಟ್, ವಿಲ್ಸನ್, ಗಾರ್ಫೀಲ್ಡ್. ನಾಲ್ಕೂ ಅಧ್ಯಕ್ಷರ ಹೆಸರುಗಳೇ. ಒಳಗೆ ಓದುತ್ತಿದ್ದವರಲ್ಲಿ ಬಹುಪಾಲು ಮೆಕ್ಸಿಕನ್ ಮೂಲದ ಮಕ್ಕಳು. ಆದರೆ ಅವರ ಹಿರಿಯರ ಹೆಸರು ಶಾಲೆಯ ಹಲಗೆಯ ಮೇಲೆಯೂ ಇರಲಿಲ್ಲ, ಪಠ್ಯಪುಸ್ತಕದಲ್ಲಿಯೂ ಇರಲಿಲ್ಲ. ತರಗತಿಗಳು ಕಿಕ್ಕಿರಿದಿದ್ದವು. ಹುಡುಗರನ್ನು ಕೈಕಸುಬಿನ ಕಡೆಗೂ ಹುಡುಗಿಯರನ್ನು ಬೆರಳಚ್ಚಿನ ಕಡೆಗೂ ತಳ್ಳುವುದು ವಾಡಿಕೆಯಾಗಿತ್ತು. ಕಾಲೇಜಿನ ಮಾತೆತ್ತುವವರು ವಿರಳ. ಕೆಲವು ಶಾಲೆಗಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ವ್ಯಾಸಂಗವನ್ನು ನಡುವೆಯೇ ಬಿಡುತ್ತಿದ್ದರು. ಊಟದ ಬಿಡುವಿನಲ್ಲಿ ಶೌಚಾಲಯಗಳಿಗೂ ಬೀಗ!

ಕ್ಯಾಸ್ಟ್ರೋ ಮೊದಲು ಬೆಲ್ಮಾಂಟ್ ಎಂಬ ಪ್ರೌಢಶಾಲೆಯಲ್ಲಿದ್ದರು. ಅಲ್ಲಿನ ವಿದ್ಯಾರ್ಥಿ ಸಂಘದ ಚುನಾವಣೆಗೆ ಮೆಕ್ಸಿಕನ್ ಮಕ್ಕಳೂ ನಿಲ್ಲುವಂತೆ ಅವರು ಪ್ರೋತ್ಸಾಹಿಸಿದರು. ಪ್ರಚಾರ ಸಭೆಯಲ್ಲಿ ಆ ಮಕ್ಕಳು ಸ್ಪ್ಯಾನಿಷ್‌ನಲ್ಲಿ ಕೆಲವು ಮಾತುಗಳನ್ನಾಡಿದ್ದೇ ದೊಡ್ಡ ರಾದ್ಧಾಂತವಾಗಿ, ಕ್ಯಾಸ್ಟ್ರೋ ಅವರನ್ನು ಲಿಂಕನ್ ಶಾಲೆಗೆ ವರ್ಗ ಮಾಡಲಾಯಿತು. ಅಲ್ಲಿ ಅವರು ವಿದ್ಯಾರ್ಥಿಗಳಿಗೆ ತಮ್ಮ ಕುಂದುಕೊರತೆಗಳನ್ನು ಪಟ್ಟಿ ಮಾಡಲು, ಒಟ್ಟಾಗಿ ಮಂಡಿಸಲು ಕಲಿಸಿದರು. ಇದು ಪೌರನೀತಿಯ ಪಾಠವಲ್ಲದೆ ಮತ್ತೇನು?

1968ರ ಮಾರ್ಚ್ ಮೊದಲ ವಾರ. ವಿಲ್ಸನ್ ಶಾಲೆಯ ನಾಟಕವೊಂದನ್ನು ಮುಖ್ಯೋಪಾಧ್ಯಾಯರು ರದ್ದುಪಡಿಸಿದ್ದೇ ಕಿಡಿಯಾಯಿತು. ಒಂದರ ಬೆನ್ನಿಗೊಂದರಂತೆ ಬೆಲ್ಮಾಂಟ್ ಸೇರಿ ಐದು ಶಾಲೆಗಳ ಮಕ್ಕಳು ತರಗತಿಗಳಿಂದ ಹೊರನಡೆದರು. ಕೆಲವೇ ದಿನಗಳಲ್ಲಿ 10,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ಬೀದಿಯಲ್ಲಿದ್ದರು. ಕೆಲವೆಡೆ ಪೊಲೀಸರು ಲಾಠಿ ಬೀಸಿದರು. ಎರಡು ಭಾಷೆಗಳಲ್ಲಿ ಶಿಕ್ಷಣ, ಪಠ್ಯದಲ್ಲಿ ಮೆಕ್ಸಿಕನ್ ಅಮೆರಿಕನ್ನರ ಇತಿಹಾಸ, ತಮ್ಮ ಸಮುದಾಯದ ಶಿಕ್ಷಕರು, ದೈಹಿಕ ಶಿಕ್ಷೆಯ ಅಂತ್ಯ, ತೆರೆದ ಶೌಚಾಲಯ ಇವು ಅವರ ಬೇಡಿಕೆಗಳಲ್ಲಿ ಮುಖ್ಯವಾದವು. ಓದುಗ ಮಿತ್ರರು ಗಮನಿಸಬೇಕು, ಈ ಮಕ್ಕಳು ಶಾಲೆಯಿಂದ ಹೊರಬಂದದ್ದು ಶಾಲೆ ಬೇಡವೆಂದಲ್ಲ, ಒಳ್ಳೆಯ ಶಾಲೆ ಬೇಕೆಂದು. ಶಿಕ್ಷಣ ಮಂಡಳಿ ಅವರ ಮಾತನ್ನು ಕೇಳಿತು, ಹಣವಿಲ್ಲವೆಂದಿತು.

ಕೆಲವು ವಾರಗಳ ಬಳಿಕ ಕ್ಯಾಸ್ಟ್ರೋ ಸೇರಿದಂತೆ 13 ಮಂದಿಯ ಬಂಧನವಾಯಿತು. ಶಾಲೆಯ ಶಾಂತಿಗೆ ಭಂಗ ತರುವುದು ಕಾನೂನಿನಲ್ಲಿ ಸಣ್ಣ ಅಪರಾಧ. ಆದರೆ ಅದಕ್ಕಾಗಿ 'ಸಂಚು' ಮಾಡಿದರೆಂದರೆ ಅದು ವರ್ಷಗಟ್ಟಲೆ ಸೆರೆವಾಸ ತರಬಲ್ಲ ಘೋರಾಪರಾಧ! ಆಪಾದನೆ ಹೊತ್ತ ಮೇಷ್ಟರನ್ನು ತರಗತಿಯಿಂದ ದೂರವಿಡಲಾಯಿತು. ಆಗ ಪೋಷಕರು, ವಿದ್ಯಾರ್ಥಿಗಳು ಮಂಡಳಿಯ ಸಭಾಂಗಣದಲ್ಲಿ ದಿನಗಟ್ಟಲೆ ಹಗಲಿರುಳು ಕುಳಿತರು. ಅವರಲ್ಲಿ 35 ಮಂದಿ ಬಂಧನಕ್ಕೊಳಗಾದ ಮೇಲೆ, ಅಕ್ಟೋಬರ್ ಆರಂಭದಲ್ಲಿ ಮಂಡಳಿಯು ಕ್ಯಾಸ್ಟ್ರೋ ಅವರನ್ನು ಮರಳಿ ಪಾಠಕ್ಕೆ ಕರೆಯಿತು. 1970ರಲ್ಲಿ ಮೇಲ್ಮನವಿ ನ್ಯಾಯಾಲಯದ ತೀರ್ಪಿನಿಂದ ಸಂಚಿನ ಮೊಕದ್ದಮೆಯೂ ಬಿದ್ದುಹೋಯಿತು. ಆದರೂ ಶಾಲೆಯಿಂದ ಶಾಲೆಗೆ ವರ್ಗಾವಣೆಯ ಕಿರುಕುಳ ಅವರನ್ನು ಬಿಡಲಿಲ್ಲ.

ಗೆಲುವು ಸಂಪೂರ್ಣವಾಗಿರಲಿಲ್ಲ. ಹೊಸ ಶಿಕ್ಷಕರು ಬಂದರು, ಕಾಲೇಜಿನ ಬಾಗಿಲು ತೆರೆಯಿತು, ದ್ವಿಭಾಷಾ ತರಗತಿಗಳು ಶುರುವಾದವು. ಆದರೆ 1998ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಆ ತರಗತಿಗಳನ್ನು ಬಹುಮಟ್ಟಿಗೆ ಮುಚ್ಚಿಸಿದರು. 2016ರಲ್ಲಿ ಅದೇ ಮತದಾರರು ನಾಲ್ಕರಲ್ಲಿ ಮೂರರಷ್ಟು ಹತ್ತಿರದ ಬಹುಮತದಿಂದ ಅವುಗಳಿಗೆ ಮತ್ತೆ ಅವಕಾಶ ಕೊಟ್ಟರು. ಭಾಷೆಯ ಪ್ರಶ್ನೆ ಒಂದು ತಲೆಮಾರಿಗೆ ಇತ್ಯರ್ಥವಾಗುವಂಥದ್ದಲ್ಲ.

ಮಗುವಿನ ಮನೆಮಾತನ್ನು ಶಾಲೆಯ ಬಾಗಿಲಲ್ಲಿ ಕಳಚಿಡಿಸಿದರೆ ಇಂಗ್ಲಿಷ್ ಬೇಗ ಬರುತ್ತದೆಂಬ ನಂಬಿಕೆ ಅಮೆರಿಕಕ್ಕೆ ಸೀಮಿತವಾದುದಲ್ಲ. ಕನ್ನಡ ಮಾತನಾಡಿದ ಮಕ್ಕಳಿಗೆ ದಂಡ ಹಾಕುವ ಶಾಲೆಗಳನ್ನು ನಮ್ಮ ನಾಡೂ ಕಂಡಿದೆ. ನನ್ನ ಸೇವಾವಧಿಯಲ್ಲಿ ನಾನು ಕಂಡುಕೊಂಡ ಸತ್ಯವಿಷ್ಟೆ: ತನ್ನ ಮಾತಿಗೆ ನಾಚುವಂತೆ ಮಾಡಲ್ಪಟ್ಟ ಮಗು ಮೊದಲು ಕಲಿಯುವುದು ಇಂಗ್ಲಿಷನ್ನಲ್ಲ, ಮೌನವನ್ನು. ಲಾಸ್ ಏಂಜಲಿಸ್‌ನ ಮಕ್ಕಳು ಇಂಗ್ಲಿಷನ್ನು ಬೇಡವೆನ್ನಲಿಲ್ಲ. ತಮ್ಮ ಬೇಡಿಕೆಗಳನ್ನು ಬರೆದದ್ದೂ ಇಂಗ್ಲಿಷಿನಲ್ಲೇ. ಎರಡಕ್ಕೂ ಜಾಗವಿರಲಿ ಎಂದರು, ಅಷ್ಟೆ.

ಸಾಲ್ ಕ್ಯಾಸ್ಟ್ರೋ 2013ರಲ್ಲಿ ತೀರಿಕೊಂಡರು. ಅದಕ್ಕೆ ಮೂರು ವರ್ಷ ಮೊದಲು ನಗರದ ಒಂದು ಮಾಧ್ಯಮಿಕ ಶಾಲೆಗೆ ಅವರ ಹೆಸರಿಟ್ಟು ಗೌರವಿಸಲಾಯಿತು. ಆ ಶಾಲೆಯಿದ್ದ ಆವರಣ ಬೇರಾವುದೂ ಅಲ್ಲ, ಸ್ಪ್ಯಾನಿಷ್‌ನ ನಾಲ್ಕು ಮಾತುಗಳಿಗಾಗಿ ಅವರು ವರ್ಗವಾಗಿ ಹೋಗಬೇಕಾಗಿದ್ದ ಬೆಲ್ಮಾಂಟ್ ಶಾಲೆಯದೇ.